ಕೇಳಿಸುತ್ತೆ, ಅರ್ಥ ಆಗಲ್ಲ: ಕಿವಿಯ ಬಗ್ಗೆ ಕೆಲವು ಟಿಪ್ಪಣಿಗಳು

ಬಗೆಹರಿಯದ ಪ್ರಶ್ನೆ

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಶುರುವಾದದ್ದು 1965ರಲ್ಲಿ. 1966ರ ಜುಲೈ 25ರಂದು ಅದಕ್ಕೆ ಅಡಿಗಲ್ಲು ಇಟ್ಟವರು ರಾಷ್ಟ್ರಪತಿ ರಾಧಾಕೃಷ್ಣನ್. ಒಂದು ಕಾಲಕ್ಕೆ ಇದೇ ಊರಿನ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳಿಕೊಟ್ಟವರು. ಊರಿನವರ ಬಾಯಲ್ಲಿ ಈ ಸಂಸ್ಥೆ ‘ಆಯಿಷ್’. ದೂರದ ರಾಜ್ಯಗಳಿಂದಲೂ ಮಕ್ಕಳನ್ನು ಎತ್ತಿಕೊಂಡು ಜನ ಅಲ್ಲಿಗೆ ಬರುತ್ತಾರೆ. ಆದರೆ ಸಿಟಿ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ ಇರುವ ನಮ್ಮ ಮನೆಗಳಲ್ಲೇ ಕಿವಿ ಮಂದವಾದವರು ವರ್ಷಗಟ್ಟಲೆ ಹಾಗೇ ಕೂತಿರುತ್ತಾರೆ. ಕಣ್ಣು ಮಂಜಾದರೆ ಕನ್ನಡಕ ಬೇಗ ಬರುತ್ತದೆ. ಕಿವಿಗೆ ಯಾಕೆ ಈ ತಾತ್ಸಾರ? ಉತ್ತರ ಹುಡುಕುತ್ತಾ ಬರೆದುಕೊಂಡ ಮಾತುಗಳಿವು.

ಗಾಳಿಯಿಂದ ನೀರಿಗೆ

ಶಬ್ದ ಎಂದರೆ ಗಾಳಿಯ ಅಲುಗಾಟ. ಅದನ್ನು ಗುರುತಿಸುವ ಒಳಗಿವಿ ತುಂಬ ಇರುವುದು ದ್ರವ. ಗಾಳಿಯಲ್ಲಿ ಬಂದ ಶಬ್ದ ದ್ರವಕ್ಕೆ ತಾಗಿದರೆ ಹೆಚ್ಚುಕಡಿಮೆ ಪೂರ್ತಿ ಹಿಂದಕ್ಕೆ ಪುಟಿಯುತ್ತದೆ. ಹಾಗಿದ್ದರೆ ನಮಗೆ ಕೇಳಿಸುವುದಾದರೂ ಹೇಗೆ?

ಇದನ್ನು ಬಿಡಿಸುವುದು ನಡುಗಿವಿ. ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಕಿವಿನಾಳದ ಕೊನೆಯಲ್ಲಿ ತಮಟೆ. ಅದರ ಹಿಂದೆ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಮೂಳೆಗಳು. ರಿಕಾಪು ಸುಮಾರು ಮೂರು ಮಿಲಿಮೀಟರ್, ದೇಹದ ಅತಿ ಸಣ್ಣ ಮೂಳೆ. ತಮಟೆಯ ವಿಸ್ತಾರ ರಿಕಾಪಿನ ಪಾದಕ್ಕಿಂತ ಸುಮಾರು 17 ಪಟ್ಟು ದೊಡ್ಡದು. ಅಗಲವಾದ ಪೊರೆಯ ಬಲವೆಲ್ಲ ರಿಕಾಪು ಕೂತಿರುವ ಒಳಗಿವಿಯ ಪುಟ್ಟ ಕಿಟಕಿಯ ಮೇಲೆ ಬೀಳುವುದರಿಂದ, ಮೂಳೆಗಳ ಸನ್ನೆಯ ಬಲವೂ ಸೇರಿ, ಒತ್ತಡ ಇಪ್ಪತ್ತು ಪಟ್ಟಿಗೂ ಹೆಚ್ಚಾಗುತ್ತದೆ. ದ್ರವ ಅಲುಗುತ್ತದೆ.

ಈ ದಾರಿಯಲ್ಲಿ ಎಲ್ಲಿ ತಡೆ ಬಂದರೂ ಕೇಳುವುದು ಕಡಿಮೆಯಾಗುತ್ತದೆ: ಗಟ್ಟಿಯಾದ ಗುಗ್ಗೆ, ತೂತಾದ ತಮಟೆ, ನಡುಗಿವಿಯಲ್ಲಿ ನಿಂತ ಅಂಟು ದ್ರವ, ಬಿಗಿದುಕೊಂಡ ರಿಕಾಪು. ಇವುಗಳಲ್ಲಿ ಹೆಚ್ಚಿನವಕ್ಕೆ ಔಷಧಿಯೋ ಶಸ್ತ್ರಚಿಕಿತ್ಸೆಯೋ ಇದೆ. ಆದರೂ ಮಗುವಿನ ಕಿವಿ ಸೋರುತ್ತಿದ್ದರೆ ‘ದೊಡ್ಡದಾದ ಮೇಲೆ ಸರಿಹೋಗುತ್ತೆ’ ಎನ್ನುತ್ತೇವೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುತ್ತೇವೆ. ತೂತಾದ ತಮಟೆಯ ಮೂಲಕ ಆ ಎಣ್ಣೆ ನಡುಗಿವಿಗೇ ಇಳಿಯುತ್ತದೆ.

ಶಂಖದೊಳಗೆ

ಒಳಗಿವಿಯ ಕಾಕ್ಲಿಯಾ ಎರಡೂವರೆ ಸುತ್ತಿನ ಪುಟ್ಟ ಶಂಖ. ಬಿಚ್ಚಿ ಹಿಡಿದರೆ ಸುಮಾರು 35 ಮಿಲಿಮೀಟರ್. ಅದರ ಬುಡದಲ್ಲಿ ಕೀಚಲು ಸ್ವರಗಳು, ತುದಿಯಲ್ಲಿ ಮಂದ್ರ ಸ್ವರಗಳು. ಒಂದೊಂದು ಕಂಪನಕ್ಕೂ ಒಂದೊಂದು ಜಾಗ. ಶಬ್ದದ ಅಲೆ ಶಂಖದೊಳಗಿನ ಪೊರೆಯುದ್ದಕ್ಕೂ ಸಾಗುವ ಬಗೆಯನ್ನು ಕಂಡುಕೊಟ್ಟ ಗೆಯೋರ್ಗ್ ವಾನ್ ಬೆಕೆಸಿಗೆ 1961ರಲ್ಲಿ ನೊಬೆಲ್ ಬಂತು.

ಅಲುಗಾಟವನ್ನು ವಿದ್ಯುತ್ ಸಂಕೇತವಾಗಿ ಮಾಡಿ ಮಿದುಳಿಗೆ ಕಳಿಸುವ ಕೆಲಸ ಬಹುಪಾಲು ಒಳಸಾಲಿನ ರೋಮಕೋಶಗಳದ್ದು. ಒಂದು ಕಿವಿಗೆ ಅವು ಸುಮಾರು 3,500. ಹೊರಸಾಲುಗಳಲ್ಲಿರುವ ಸುಮಾರು 12,000 ಕೋಶಗಳು ಮೆಲುದನಿಯನ್ನು ಹಿಗ್ಗಿಸಿಕೊಡುತ್ತವೆ. ಒಂದು ಕಣ್ಣಿನಲ್ಲಿ ಬೆಳಕು ಹಿಡಿಯುವ ಕೋಶಗಳು ಹತ್ತು ಕೋಟಿಗೂ ಹೆಚ್ಚು. ಕಿವಿ ಇಷ್ಟು ಸಣ್ಣ ಬಂಡವಾಳದಲ್ಲಿ ತಾಯಿಯ ಜೋಗುಳದಿಂದ ವೀಣೆಯ ಗಮಕದವರೆಗೆ ಎಲ್ಲವನ್ನೂ ನಮಗೆ ತಲುಪಿಸುತ್ತದೆ. ಹೋದ ಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಕೋಳಿಯಲ್ಲಿ ಹುಟ್ಟುತ್ತದೆ. ನಮಗೇಕೆ ಇಲ್ಲ ಎಂಬುದರ ಮೇಲೆ ಸಂಶೋಧನೆ ಇನ್ನೂ ನಡೆಯುತ್ತಿದೆ.

ಮೊದಲು ಹೋಗುವುದು ವ್ಯಂಜನ

‘ಕೇಳಿಸುತ್ತೆ, ಆದರೆ ಅರ್ಥ ಆಗಲ್ಲ.’ ವಯಸ್ಸಾದವರ ಈ ಮಾತನ್ನು ಮನೆಯವರು ನಂಬುವುದಿಲ್ಲ. ಅದು ಅಕ್ಷರಶಃ ನಿಜ. ಮುಪ್ಪಿನಲ್ಲೂ ಗದ್ದಲದಲ್ಲೂ ಮೊದಲು ಸೊರಗುವುದು ಶಂಖದ ಬುಡದ ಕಡೆಯ ಕೋಶಗಳು. ಪ್ರತಿ ಅಲೆಯೂ ಒಳಹೋಗುವುದು ಅವನ್ನು ದಾಟಿಯೇ. ಒಳಕೋಣೆಗಿಂತ ಹೊಸ್ತಿಲು ಬೇಗ ಸವೆಯುವ ಹಾಗೆ. ಸ್ವರಾಕ್ಷರಗಳ ಶಕ್ತಿ ಕೆಳಗಿನ ಕಂಪನಗಳಲ್ಲಿದೆ. ಸ, ಶ, ತ ಮುಂತಾದ ವ್ಯಂಜನಗಳ ಗುರುತು ಮೇಲಿನ ಕಂಪನಗಳಲ್ಲಿ. ಹಾಗಾಗಿ ದನಿ ಬರುತ್ತದೆ, ಪದ ಒಡೆಯುವುದಿಲ್ಲ. ಎದುರಿಗೆ ಕೂತು ಮಾತಾಡಿದರೆ ತುಟಿ ನೋಡಿ ಊಹಿಸುತ್ತಾರೆ. ಮದುವೆ ಮನೆಯ ಗಲಾಟೆಯಲ್ಲಿ ಆ ಊಹೆಯೂ ಕೈಕೊಡುತ್ತದೆ. ನೋವಿಲ್ಲ, ರಕ್ತವಿಲ್ಲ. ಅದಕ್ಕೇ ಯಾರಿಗೂ ತಿಳಿಯುವುದಿಲ್ಲ.

ಇನ್ನೊಂದು ವಿಚಿತ್ರ: ‘ಜೋರಾಗಿ ಹೇಳು’ ಎಂದವರೇ, ಹೇಳಿದ ಮೇಲೆ ‘ಯಾಕೆ ಕೂಗ್ತೀಯಾ’ ಎಂದು ರೇಗುತ್ತಾರೆ. ಅದು ಮೊಂಡುತನವಲ್ಲ. ಹೊರಸಾಲಿನ ಕೋಶಗಳು ಹೋದಾಗ ಮೆಲುದನಿ ಕೇಳಿಸುವುದಿಲ್ಲ, ಜೋರು ದನಿ ಮಾತ್ರ ಮೊದಲಿನಷ್ಟೇ ಜೋರಾಗಿ ಬಡಿಯುತ್ತದೆ. ನಡುವಿನ ಅಂತರ ಕಿರಿದಾಗಿರುತ್ತದೆ.

ಕುಶಾಲತೋಪು

ದಸರೆಗೆ ಮುಂಚೆ ಆನೆ, ಕುದುರೆಗಳಿಗೆ ಪಿರಂಗಿ ಸದ್ದಿನ ತಾಲೀಮು ಕೊಡುತ್ತಾರೆ. ವಿಜಯದಶಮಿಯ 21 ಸುತ್ತು ಕುಶಾಲತೋಪಿಗೆ ಅವು ಬೆದರಬಾರದು. ತಾಲೀಮಿನಿಂದ ಆನೆಯ ಹೆದರಿಕೆ ಹೋಗುತ್ತದೆ. ಆದರೆ ರೋಮಕೋಶಕ್ಕೆ ತಾಲೀಮಿಲ್ಲ. ನಡುಗಿವಿಯ ಸಣ್ಣ ಸ್ನಾಯುವೊಂದು ಜೋರು ಸದ್ದಿಗೆ ರಿಕಾಪನ್ನು ಬಿಗಿಹಿಡಿಯುತ್ತದೆ, ನಿಜ. ಅಷ್ಟರಲ್ಲಿ ಪಿರಂಗಿಯ, ಪಟಾಕಿಯ ಮೊದಲ ಏಟು ಒಳಗೆ ಹೋಗಿಯಾಗಿರುತ್ತದೆ. ನಾಲ್ಕು ಮೀಟರ್ ದೂರದಲ್ಲಿ 125 ಡೆಸಿಬಲ್ ಮೀರುವ ಪಟಾಕಿ ನಮ್ಮಲ್ಲಿ ನಿಷಿದ್ಧ. ಮಿತಿಯೊಳಗಿನ ಪಟಾಕಿಯನ್ನೇ ನಾಲ್ಕಡಿಯಲ್ಲಿ ಹಚ್ಚುವ ಮಗುವಿನ ಕಿವಿಗೆ ಆ ಅಳತೆ ರಕ್ಷಣೆ ಕೊಡುವುದಿಲ್ಲ.

ದಿನವೂ ಗದ್ದಲದಲ್ಲಿರುವವರ ಲೆಕ್ಕ ಬೇರೆ. 85 ಡೆಸಿಬಲ್‌ನಲ್ಲಿ ಎಂಟು ಗಂಟೆ ಮಿತಿ ಎಂದರೆ, ಮೂರು ಡೆಸಿಬಲ್ ಏರಿದರೆ ನಾಲ್ಕೇ ಗಂಟೆ, ಇನ್ನು ಮೂರು ಏರಿದರೆ ಎರಡೇ ಗಂಟೆ. ಮಗ್ಗದ ಶೆಡ್ಡಿನವರು, ವರ್ಕ್‌ಶಾಪಿನವರು, ಸಿಗ್ನಲ್ಲಿನಲ್ಲಿ ನಿಲ್ಲುವ ಪೊಲೀಸರು ‘ನಮಗೆ ಅಭ್ಯಾಸ ಆಗಿದೆ’ ಎನ್ನುತ್ತಾರೆ. ಅಭ್ಯಾಸವಾಗುವುದು ಮನಸ್ಸಿಗೆ. ಕಿವಿಗೆ ಅಭ್ಯಾಸವಾದಂತೆ ತೋರಿದರೆ ಅದು ಕೇಳುವುದನ್ನು ಬಿಡತೊಡಗಿದೆ ಎಂದೇ ಅನುಮಾನಿಸಬೇಕು.

ಆರ್ಕೆಸ್ಟ್ರಾ ಕೇಳಿ ಬಂದ ರಾತ್ರಿ ಕಿವಿ ಗುಂಯ್ ಎನ್ನುತ್ತದೆ, ಬೆಳಗ್ಗೆ ಸರಿಹೋಗುತ್ತದೆ. ಸರಿಹೋಯಿತೇ? 2009ರಲ್ಲಿ ಕುಜಾವ ಮತ್ತು ಲಿಬರ್ಮನ್ ಎಂಬ ಸಂಶೋಧಕರು ಇಲಿಗಳಲ್ಲಿ ನೋಡಿದರು: ಕೇಳುವ ಶಕ್ತಿ ಮರಳಿ ಬಂದರೂ ರೋಮಕೋಶ ಮತ್ತು ನರದ ನಡುವಿನ ಕೊಂಡಿಗಳಲ್ಲಿ ಎಷ್ಟೋ ಕಳಚಿಹೋಗಿದ್ದವು.

ಹೇಳಿಕೊಳ್ಳಲಾರದವರು

ಹುಟ್ಟಿನಿಂದ ಕೇಳದ ಮಗು ದೂರು ಹೇಳುವುದಿಲ್ಲ. ಕೇಳುವುದೆಂದರೇನೆಂದೇ ಅದಕ್ಕೆ ಗೊತ್ತಿಲ್ಲ. ಗರ್ಭಿಣಿಗೆ ಬಂದ ರುಬೆಲ್ಲಾ, ನವಜಾತ ಶಿಶುವಿನ ತೀವ್ರ ಕಾಮಾಲೆ, ಮೆದುಳ್ಪೊರೆಯ ಉರಿಯೂತ, ಜೆಂಟಾಮೈಸಿನ್‌ನಂಥ ಕೆಲವು ಔಷಧಿಗಳು ಕಾರಣವಾಗಬಲ್ಲವು. ವಂಶವಾಹಿಗಳ ಪಾಲೂ ದೊಡ್ಡದು. ಸೋದರಮಾವ ಮತ್ತು ಸೊಸೆಯ ನಡುವೆ ವಂಶವಾಹಿಗಳ ಕಾಲುಭಾಗ ಒಂದೇ ಆಗಿರುತ್ತದೆ. ಅತ್ತೆ-ಮಾವಂದಿರ ಮಕ್ಕಳಲ್ಲಿ ಎಂಟನೇ ಒಂದು ಭಾಗ. ಕೇಳುವ ತಂದೆತಾಯಿಯರಿಬ್ಬರಲ್ಲೂ ಅಡಗಿರುವ ಒಂದೇ ದೋಷ ಮಗುವಿನಲ್ಲಿ ಕೂಡಿಬರುವ ಸಂಭವ ಇಂಥ ಸಂಬಂಧದೊಳಗಿನ ಮದುವೆಗಳಲ್ಲಿ ಹೆಚ್ಚು.

ಈ ಮೌನವನ್ನು ಪತ್ತೆಹಚ್ಚುವ ಉಪಾಯ ನನ್ನನ್ನು ಬೆರಗುಗೊಳಿಸುತ್ತದೆ. ಆರೋಗ್ಯವಂತ ಕಿವಿ ಶಬ್ದ ಕೇಳಿದಾಗ ತಾನೂ ಸಣ್ಣದಾಗಿ ದನಿ ಹೊರಡಿಸುತ್ತದೆ. 1978ರಲ್ಲಿ ಡೇವಿಡ್ ಕೆಂಪ್ ಕಂಡುಹಿಡಿದದ್ದು ಇದು. ಮಲಗಿದ ಶಿಶುವಿನ ಕಿವಿಗೆ ಪುಟ್ಟ ಶೋಧಕ ಇಟ್ಟು ಆ ಮಾರ್ದನಿ ಹಿಡಿಯುತ್ತಾರೆ. ನೋವಿಲ್ಲದ, ಕೆಲವೇ ನಿಮಿಷಗಳ ಕೆಲಸ. ತಿಂಗಳೊಳಗೆ ಈ ತಪಾಸಣೆ, ಮೂರು ತಿಂಗಳಿಗೆ ಖಚಿತ ನಿರ್ಣಯ, ಆರು ತಿಂಗಳಿಗೆ ನೆರವು ಎಂಬುದು ತಜ್ಞರ ಗುರಿ. ಕಾರಣವಿದೆ: ಮೊದಲ ಕೆಲವು ವರ್ಷ ಮಿದುಳು ಮಾತಿಗಾಗಿ ಹಸಿದಿರುತ್ತದೆ. ಆಯಿಷ್‌ನ ಪ್ರಿಸ್ಕೂಲಿನಲ್ಲಿ ಮಕ್ಕಳ ಜೊತೆ ತಾಯಂದಿರೂ ಕೂತು ಕಲಿಯುತ್ತಾರೆ. ಊರು ಬಿಟ್ಟು ಬಂದು, ಒಂದೊಂದು ಪದವನ್ನೂ ಮತ್ತೆ ಮತ್ತೆ ಹೇಳುವ ಆ ತಾಯಂದಿರಿಗಿಂತ ದೊಡ್ಡ ಮೇಷ್ಟ್ರುಗಳು ಈ ಊರಿನಲ್ಲಿಲ್ಲ.

ಕಡೆಯ ಮಾತು

ನನ್ನ ಪ್ರಶ್ನೆಗೆ ಸಿಕ್ಕ ಉತ್ತರ ಇಷ್ಟು. ಕಿವಿ ಸದ್ದಿಲ್ಲದೆ, ನೋವಿಲ್ಲದೆ, ಚೂರುಚೂರಾಗಿ ಹೋಗುತ್ತದೆ. ಹೋದದ್ದು ನಮ್ಮ ಅರಿವಿಗೆ ಬರುವುದಿಲ್ಲ. ಬಂದಾಗಲೂ ಹಿಯರಿಂಗ್ ಏಡ್ ಹಾಕಿಕೊಳ್ಳಲು ನಾಚಿಕೆ. ಕನ್ನಡಕಕ್ಕೆ ಇಲ್ಲದ ನಾಚಿಕೆ ಇದಕ್ಕೂ ಬೇಡ. ನಿಮ್ಮ ಮನೆಯಲ್ಲಿ ಟಿ.ವಿ. ದನಿ ದಿನೇದಿನೇ ಏರುತ್ತಿದ್ದರೆ, ಕೂಸು ಬಾಗಿಲು ಬಡಿದ ಸದ್ದಿಗೂ ಬೆಚ್ಚದಿದ್ದರೆ, ಮಗುವಿನ ಕಿವಿ ಸೋರುತ್ತಿದ್ದರೆ, ಈ ವಾರವೇ ಹೋಗಿ ಪರೀಕ್ಷೆ ಮಾಡಿಸಿ. ಒಂದೇ ದಿನದಲ್ಲಿ ಒಂದು ಕಿವಿ ಹಠಾತ್ತನೆ ಕೇಳದೆ ಹೋದರೆ ಅದು ತುರ್ತು. ವಾರದವರೆಗೂ ಕಾಯಬೇಡಿ, ಅಂದೇ ವೈದ್ಯರ ಬಳಿ ಹೋಗಿ.