ದರಿಯಾ ದೌಲತ್‌ನಲ್ಲಿ ಒಂದು ದಿನ

ಮೈಸೂರಿನವರಿಗೆ ಶ್ರೀರಂಗಪಟ್ಟಣವು ಹಿತ್ತಲ ಗಿಡವಿದ್ದಂತೆ. ಸುಮಾರು 15 ಕಿಲೋಮೀಟರು ದೂರದಲ್ಲಿರುವುದರಿಂದ ಎಂದಾದರೂ ನೋಡಿದರಾಯಿತೆಂದು ಉದಾಸೀನ ಮಾಡುವವರೇ ಹೆಚ್ಚು. ಕಳೆದ ದಸರಾ ರಜೆಯಲ್ಲಿ ನಾವು ನಮ್ಮ ಸಹಪಾಠಿಯೊಬ್ಬನನ್ನು ಕರೆದುಕೊಂಡು ಅಲ್ಲಿಗೆ ಹೊರಟೆವು. ವಿಹಾರದ ಆಸೆಯೊಂದೇ ಅದಕ್ಕೆ ಕಾರಣವಾಗಿರಲಿಲ್ಲ. ಗೆಳೆಯನ ಅಜ್ಜನ ಕಾಲದ ಹೆಂಚಿನ ಮನೆಯನ್ನು ಕೆಡವಿ ಹೊಸ ಕಟ್ಟಡ ಕಟ್ಟಿಸುವುದೆಂದು ಅವನ ಮನೆಯ ಹಿರಿಯರು ತೀರ್ಮಾನಿಸಿದ್ದರು. ಅಂದಿನಿಂದ ಅವನು ಮಾತು ಕಡಮೆ ಮಾಡಿದ್ದನು. ಅವನ ಮನಸ್ಸು ಹಗುರವಾಗಲೆಂಬುದು ನಮ್ಮ ಇಚ್ಛೆ.

ಬುತ್ತಿ ಕಟ್ಟಿಕೊಂಡು ಬೆಳಗಿನ ಬಸ್ಸು ಹತ್ತಿದೆವು. ಶ್ರೀರಂಗನಾಥನ ದರ್ಶನ ಮಾಡಿ, ಕೋಟೆಯಿಂದ ಹೊರಬಿದ್ದು ನಡೆಯುತ್ತ ದರಿಯಾ ದೌಲತ್ ತೋಟವನ್ನು ಸೇರಿದೆವು. ಹೆಬ್ಬಾಗಿಲಿನಿಂದ ನೇರವಾದ ಹಾದಿ, ಇಕ್ಕೆಲಗಳಲ್ಲಿ ಮರಗಳ ಸಾಲು, ಹಸುರು ಹುಲ್ಲಿನ ಹಾಸು. ಇವುಗಳ ನಡುವೆ ಎತ್ತರದ ಜಗಲಿಯ ಮೇಲೆ ಆ ಭವನ ನಿಂತಿದೆ. ಟಿಪ್ಪು ಸುಲ್ತಾನನು ಇದನ್ನು ಬೇಸಗೆಯ ಅರಮನೆಯಾಗಿ 1784ರಲ್ಲಿ ಕಟ್ಟಿಸಿದನು. ಅರಮನೆಯೆಂದೊಡನೆ ಕಲ್ಲಿನ ಭಾರಿ ಗೋಡೆಗಳನ್ನು ಊಹಿಸಿದ್ದ ನಮಗೆ ಆಶ್ಚರ್ಯವಾಯಿತು. ಇದರಲ್ಲಿ ಹೆಚ್ಚಿನ ಕೆಲಸ ತೇಗದ ಮರದ್ದು. ಸುತ್ತಲೂ ಮರದ ಕಂಬಗಳ ವಿಶಾಲವಾದ ಮೊಗಸಾಲೆ. ಒಳಗೆ ಕಾಲಿಟ್ಟೊಡನೆ ಹೊರಗಿನ ಬಿಸಿಲು ಮರೆತುಹೋಯಿತು.

ಗೋಡೆಗಳ ಮೇಲೆ ಬೆರಳಗಲ ಜಾಗವನ್ನೂ ಬಿಡದೆ ಬಣ್ಣದ ಚಿತ್ರಗಳಿವೆ. ಪಡುವಣ ಗೋಡೆಯಲ್ಲಿ 1780ರ ಪೊಲ್ಲಿಲೂರಿನ ಕಾಳಗ. ಹೈದರ್ ಮತ್ತು ಟಿಪ್ಪುವಿನ ಸೈನ್ಯ ಅಂದು ಇಂಗ್ಲಿಷರನ್ನು ಸೋಲಿಸಿತು. ಮದ್ದಿನ ಬಂಡಿ ಸಿಡಿಯುತ್ತಿದೆ. ಅವರ ನಾಯಕ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. 1799ರಲ್ಲಿ ಕೋಟೆ ಬಿದ್ದು ಟಿಪ್ಪು ಮಡಿದ ಮೇಲೆ, ಇಂಗ್ಲಿಷರ ಕರ್ನಲ್ ವೆಲ್ಲೆಸ್ಲಿ ಇದೇ ಮನೆಯಲ್ಲಿ ವಾಸಿಸಿದನು. ತನ್ನವರ ಸೋಲಿನ ಚಿತ್ರದ ಪಕ್ಕದಲ್ಲೇ ಗೆದ್ದವನ ಬಿಡಾರ!

ಗೆಳೆಯನು ಬಹಳ ಹೊತ್ತು ಗೋಡೆಯ ಮುಂದೆ ನಿಂತಿದ್ದು, “ಅರಮನೆಯಾದ್ದರಿಂದ ಇದು ಉಳಿಯಿತು ಕಣಯ್ಯ. ನಮ್ಮ ಮನೆಯನ್ನು ಯಾರು ಉಳಿಸುತ್ತಾರೆ?” ಎಂದನು.

ನಮ್ಮ ಚರಿತ್ರೆಯ ಉಪಾಧ್ಯಾಯರು ಹೇಳಿದ್ದ ಸಂಗತಿಗಳು ಆಗ ನೆನಪಿಗೆ ಬಂದುವು. ಇದೇ ಶ್ರೀರಂಗಪಟ್ಟಣದಲ್ಲಿದ್ದ ಟಿಪ್ಪುವಿನ ಇನ್ನೊಂದು ಅರಮನೆ ಅಳಿದುಹೋಯಿತು. ಅದರ ತೊಲೆಗಳು 1830ರ ಸುಮಾರಿಗೆ ಉದಕಮಂಡಲದ ಸೇಂಟ್ ಸ್ಟೀಫನ್ ಇಗರ್ಜಿಗೆ ಹೋದುವು. ದರಿಯಾ ದೌಲತ್‌ನ ಚಿತ್ರಗಳಿಗೂ ಒಮ್ಮೆ ಸುಣ್ಣ ಬಳಿದಿದ್ದರು. ಮುಂದೆ ಗವರ್ನರ್ ಜನರಲ್ ಡಾಲ್‌ಹೌಸಿ ಇಲ್ಲಿಗೆ ಬಂದಾಗ ಅವನ್ನು ಮತ್ತೆ ಬರೆಯಿಸಲು ಅಪ್ಪಣೆ ಮಾಡಿದನು. ಮೊದಲಿನ ಚಿತ್ರಗಳನ್ನು ಕಂಡು ನೆನಪಿಟ್ಟಿದ್ದ ಚಿತ್ರಗಾರನೊಬ್ಬನು ಊರಿನಲ್ಲಿದ್ದುದರಿಂದ ಆ ಕೆಲಸ ಸಾಧ್ಯವಾಯಿತು.

ಇದನ್ನು ಹೇಳಿ, “ಅರಮನೆ ಎಂಬ ಹೆಸರು ಆ ಇನ್ನೊಂದು ಕಟ್ಟಡವನ್ನು ಕಾಪಾಡಲಿಲ್ಲವಲ್ಲ! ಇಲ್ಲಿ ಒಬ್ಬನಿಗಾದರೂ ನೆನಪಿತ್ತು. ನಿಮ್ಮ ಮನೆಯ ನೆನಪು ಯಾರಿಗಿದೆ?” ಎಂದು ಕೇಳಿದೆವು. “ಅಜ್ಜಿಗೆ” ಎಂದನು. ಮತ್ತೆ ಮಾತಾಡಲಿಲ್ಲ.

ಕಾವೇರಿಯ ದಡದಲ್ಲಿ ಬುತ್ತಿ ಬಿಚ್ಚಿ ಊಟ ಮಾಡಿ, ಹೈದರ್, ಟಿಪ್ಪುಗಳ ಸಮಾಧಿಯಿರುವ ಗುಂಬಜ್ ನೋಡಿಕೊಂಡು ಸಂಜೆಗೆ ಊರು ಸೇರಿದೆವು.

ಮರುದಿನ ಗೆಳೆಯನು ಅಳತೆಯ ಟೇಪನ್ನೂ ಒಂದು ನೋಟುಪುಸ್ತಕವನ್ನೂ ಹಿಡಿದು ನಮ್ಮನ್ನು ಕರೆಯಲು ಬಂದನು. ರಜೆ ಮುಗಿಯುವವರೆಗೆ ಇಬ್ಬರೂ ಆ ಮನೆಯ ಜಗಲಿ, ಪಡಸಾಲೆ, ತೊಟ್ಟಿ, ಅಡಿಗೆಮನೆಗಳನ್ನು ಅಳೆದು ನಕ್ಷೆ ಬರೆದೆವು. ಯಾವ ಕೋಣೆಯಲ್ಲಿ ಬಾಣಂತಿಯರಿರುತ್ತಿದ್ದರು, ಒರಳು ಎಲ್ಲಿತ್ತು, ಯಾವ ಕಂಬಕ್ಕೆ ಒರಗಿ ಅಜ್ಜ ಪತ್ರಿಕೆ ಓದುತ್ತಿದ್ದರು ಎಂಬುದನ್ನು ಅಜ್ಜಿ ಹೇಳುತ್ತ ಹೋದರು; ಗೆಳೆಯನು ಬರೆದುಕೊಂಡನು. ಅಜ್ಜನ ಮಾತು ಬಂದಾಗ ಅವರು ಎರಡು ಸಲ ಸೆರಗಿನಿಂದ ಕಣ್ಣೊರಸಿಕೊಂಡರು.

ಸಂಕ್ರಾಂತಿ ಕಳೆದ ಮೇಲೆ ಆ ಮನೆಯನ್ನು ಕೆಡವಿದರು. ನೋಟುಪುಸ್ತಕ ಗೆಳೆಯನ ಬಳಿಯಿದೆ. ಪ್ರಿಯ ಸಹಪಾಠಿಗಳೇ, ದರಿಯಾ ದೌಲತ್ ಭವನವನ್ನು ಇಂದು ಪುರಾತತ್ತ್ವ ಇಲಾಖೆಯವರು ಕಾಯುತ್ತಿದ್ದಾರೆ. ನಮ್ಮ ಬೀದಿಯ ಹಳೆಯ ಮನೆಗಳಿಗೆ ಅಂಥ ಕಾವಲಿಲ್ಲ. ಅವುಗಳನ್ನು ಬಲ್ಲ ಅಜ್ಜಿಯರು ಇನ್ನೂ ನಮ್ಮೊಡನಿದ್ದಾರೆ. ಬರುವ ರಜೆಯಲ್ಲಿ ಕೇಳಿ ಬರೆದುಕೊಳ್ಳಿರಿ.