ಹೊಳೆಯ ನೋಟ, ಹೊಟ್ಟೆಯ ಊಟ

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ ದಂಪತಿಗಾಗಿ ಮಕ್ಕಳು ಏನಾದರೊಂದು ವಿಶೇಷ ಮಾಡಬೇಕೆಂದುಕೊಳ್ಳುತ್ತಾರೆ. ಮೊದಲ ಸಂಬಳ ಕೈಗೆ ಬಂದ ಮಗಳಿಗೆ ಅಪ್ಪ-ಅವ್ವನನ್ನು ಒಂದು ಸಂಜೆ ಹೊರಗೆ ಊಟಕ್ಕೆ ಕರೆದೊಯ್ಯುವ ಆಸೆ. ಆಗೆಲ್ಲ ಕಣ್ಣ ಮುಂದೆ ಬರುವುದು ಸಿನಿಮಾದ ಚಿತ್ರ: ಕಡಲು, ದ್ವೀಪ, ತೆಂಗಿನ ಸಾಲು, ಮುಳುಗುವ ಸೂರ್ಯ, ನೀರಿನ ಅಂಚಿಗೇ ಒಂದು ಮೇಜು. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಸೀಮೆಯಲ್ಲಿ ಕಡಲಿಲ್ಲ. ಗೋವೆಗೋ ಕಾರವಾರಕ್ಕೋ ಹೋಗಬೇಕೆಂದರೆ ಒಂದು ಹಗಲೇ ಪ್ರಯಾಣಕ್ಕೆ ಬೇಕು. ಆದರೆ ಉಳಿದದ್ದೆಲ್ಲ ಇದೆ. ಭೂಗೋಳದ ಲೆಕ್ಕದಲ್ಲಿ ಈ ಸೀಮೆ ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಅಂದರೆ ಅಪ್ಪಟ ಉಷ್ಣವಲಯದಲ್ಲಿದೆ. ಕಡಲಿನಂತೆ ಹರಡುವ ಹಿನ್ನೀರಿದೆ. ಹೊಳೆಯ ನಡುವೆ ದ್ವೀಪಗಳೂ ಇವೆ. ಇಲ್ಲಿಯ ಜನ ಅವನ್ನು ಗಡ್ಡಿ ಎನ್ನುತ್ತಾರೆ.

ಹಾಗಾದರೆ ನೀರು ನೋಡುತ್ತ ಉಣ್ಣುವ ಜಾಗವನ್ನು ಆರಿಸುವುದು ಹೇಗೆ? ಹೋಟೆಲಿನ ತಿಂಡಿಪಟ್ಟಿ ನೋಡುವುದು ಆಮೇಲಿನ ಮಾತು. ಮೊದಲು ಸೂರ್ಯನನ್ನೂ ಹೊಳೆಯನ್ನೂ ನೋಡಬೇಕು.

ಸೂರ್ಯನ ಲೆಕ್ಕ

ಹೋಟೆಲಿನವರನ್ನು ಕೇಳಿ ರಾತ್ರಿ ಎಂಟಕ್ಕೆ ಮೇಜು ಕಾಯ್ದಿರಿಸುವವರು ಬಹಳ. ಎಂಟಕ್ಕೆ ಹೋಗಿ ಕುಳಿತರೆ ಕಾಣುವುದು ಬರಿಯ ಕತ್ತಲೆ. ನೀರು ತಾನಾಗಿ ಬೆಳಗುವ ವಸ್ತುವಲ್ಲ, ಆಕಾಶ ಕೊಟ್ಟ ಬೆಳಕನ್ನು ಮರಳಿಸುವ ಕನ್ನಡಿ. ಆಕಾಶ ಕಪ್ಪಾದರೆ ಹೊಳೆಯೂ ಕಪ್ಪು. ಸಂಜೆ ನೀರಿನ ಮೇಲೆ ಕಾಣುವ ಬಂಗಾರದ ದಾರಿಯೂ ಇದೇ ಕನ್ನಡಿಯ ಆಟ. ಗಾಳಿಗೆ ಏಳುವ ಒಂದೊಂದು ಸಣ್ಣ ಅಲೆಯೂ ಬೇರೆ ಬೇರೆ ಕೋನದಲ್ಲಿ ಬಾಗಿದ ಪುಟ್ಟ ಕನ್ನಡಿಯಾಗಿ, ಸೂರ್ಯಬಿಂಬದ ಚೂರೊಂದನ್ನು ನೋಡುಗನ ಕಣ್ಣಿಗೆ ಕಳುಹಿಸುತ್ತದೆ. ಚೂರುಗಳೆಲ್ಲ ಸೇರಿ ದಾರಿಯಾಗುತ್ತವೆ.

ಇದರ ಜೊತೆಗೆ ಉಷ್ಣವಲಯದಲ್ಲಿ ಮುಸ್ಸಂಜೆ ಬಲು ಚಿಕ್ಕದು. ಇಲ್ಲಿ ಸೂರ್ಯ ಬಹುತೇಕ ನೇರವಾಗಿ ಕೆಳಗಿಳಿಯುತ್ತಾನೆ. ಮಾರ್ಚ್ ತಿಂಗಳ ಸಂಜೆ ಲಂಡನ್ನಿನಲ್ಲಿ ಸೂರ್ಯ ಮುಳುಗಿದ ಮೇಲೂ ಅರ್ಧ ಗಂಟೆಗೆ ಮೇಲ್ಪಟ್ಟು ಮುಖ ಕಾಣುವಷ್ಟು ಬೆಳಕಿದ್ದರೆ, ಹೊಸಪೇಟೆಯಲ್ಲಿ ಅದು ಇಪ್ಪತ್ತು ನಿಮಿಷ ಚಿಲ್ಲರೆಯಲ್ಲಿ ಮುಗಿಯುತ್ತದೆ. ಇಲ್ಲಿ ನವೆಂಬರ್ ಕೊನೆಗೆ ಸೂರ್ಯ ಮುಳುಗುವುದು ಸುಮಾರು 5-50ಕ್ಕೆ, ಮಾರ್ಚ್ ಮೂರನೆಯ ವಾರದಲ್ಲಿ 6-35ರ ಸುಮಾರಿಗೆ, ಜೂನ್ ಕೊನೆಗೆ 7 ಗಂಟೆಯ ಹತ್ತಿರ. ಆ ಹೊತ್ತಿಗಿಂತ ಮುಕ್ಕಾಲು ಗಂಟೆ ಮೊದಲೇ ಕುಳಿತಿದ್ದವರಿಗೆ ಮಾತ್ರ ನೋಟ ಸಿಕ್ಕೀತು. ಅಂದರೆ ನೀರಿನ ನೋಟದೊಡನೆ ಹೊಂದುವುದು ರಾತ್ರಿಯೂಟವಲ್ಲ, ಸಂಜೆಯ ಉಪಾಹಾರ.

ಹುಣ್ಣಿಮೆ ಇದಕ್ಕೆ ಹೊರತು. ಅಂದು ಸೂರ್ಯ ಪಶ್ಚಿಮದಲ್ಲಿ ಮುಳುಗುವ ಹೊತ್ತಿಗೇ ಚಂದ್ರ ಪೂರ್ವದಲ್ಲಿ ಏಳುತ್ತಾನೆ. ಮರುದಿನ ಮುಕ್ಕಾಲು ಗಂಟೆಗೆ ಮೇಲ್ಪಟ್ಟು ತಡ. ಬೆಳದಿಂಗಳೂಟ ಬೇಕೆನ್ನುವವರು ಪಂಚಾಂಗ ನೋಡಿ ದಿನ ಆರಿಸಿ, ಪೂರ್ವಕ್ಕೆ ಮುಖ ಮಾಡಿ ಕೂರುವ ಜಾಗ ಹುಡುಕುವುದು ಒಳ್ಳೆಯದು.

ಅಣೆಕಟ್ಟಿನ ಲೆಕ್ಕ

ಹೊಸಪೇಟೆಯಿಂದ ಐದಾರು ಕಿ.ಮೀ. ದೂರದ ಟಿ.ಬಿ. ಡ್ಯಾಂ ಈ ಸೀಮೆಯ ಕಡಲು. 1945ರಲ್ಲಿ ಕೆಲಸ ಆರಂಭವಾಗಿ 1953ರಲ್ಲಿ ನೀರು ಹರಿದ ಈ ಅಣೆಕಟ್ಟಿಗೆ 33 ಗೇಟುಗಳು. ತುಂಬಿದಾಗ ಹಿನ್ನೀರು ಸುಮಾರು 378 ಚದರ ಕಿ.ಮೀ. ಹರಡಿ, ಆಚೆ ದಡವೇ ಕಾಣದಂತಾಗುತ್ತದೆ. ಹಿನ್ನೀರು ಅಣೆಕಟ್ಟಿನ ಪಶ್ಚಿಮಕ್ಕಿರುವುದರಿಂದ ಸೂರ್ಯ ನೀರಿನ ಕಡೆಗೇ ಇಳಿಯುತ್ತಾನೆ. ಸೂರ್ಯಾಸ್ತ ಬೇಕೆನ್ನುವವರಿಗೆ, ವೈಕುಂಠ ಅತಿಥಿಗೃಹವಿರುವ ಗುಡ್ಡದಂಥ ಎತ್ತರ ಈ ಸುತ್ತಿನಲ್ಲಿ ಮತ್ತೊಂದಿಲ್ಲ. ಅದು ಸರ್ಕಾರಿ ವ್ಯವಸ್ಥೆಯಾದ್ದರಿಂದ ಪ್ರವೇಶವನ್ನು ಮುಂಚಿತವಾಗಿ ವಿಚಾರಿಸಿ ಹೋಗಬೇಕು.

ಆದರೆ ಈ ಕಡಲು ವರ್ಷವಿಡೀ ಇರುವುದಿಲ್ಲ. ಮಲೆನಾಡಿನ ಮಳೆಯಿಂದ ಜುಲೈ-ಆಗಸ್ಟ್‌ಗಳಲ್ಲಿ ತುಂಬಿ, ಕಾಲುವೆಗಳಿಗೆ ಹರಿದು, ಏಪ್ರಿಲ್-ಮೇ ಹೊತ್ತಿಗೆ ನೀರು ದೂರ ಸರಿದು ಬಿರುಕು ಬಿಟ್ಟ ನೆಲ ಕಾಣುತ್ತದೆ. ಶಾಲೆಗೆ ರಜೆಯೆಂದು ಮೇ ತಿಂಗಳಲ್ಲಿ ನೀರು ನೋಡಲು ಬಂದವರಿಗೆ ನಿರಾಶೆಯಾಗುವುದು ಇದರಿಂದಲೇ. ಕೆಲವು ವರ್ಷ ಹಿನ್ನೀರು ಹಸಿರು ಬಣ್ಣಕ್ಕೆ ತಿರುಗಿದ್ದೂ ಉಂಟು. ಹೊಲಗಳ ಗೊಬ್ಬರ ಮತ್ತು ಊರುಗಳ ಕೊಳಚೆ ನೀರಿಗೆ ಸೇರಿದಾಗ ಬೆಳೆಯುವ ಸೂಕ್ಷ್ಮ ಪಾಚಿಯ ಬಣ್ಣವದು. ಇನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಗಾಳಿ ಪಶ್ಚಿಮದಿಂದ ಹಿನ್ನೀರ ಮೇಲೆ ಅಡೆತಡೆಯಿಲ್ಲದೆ ಬೀಸಿ ಬರುತ್ತದೆ. ಬಯಲಿನಲ್ಲಿ ಎಲೆ ಹಾಕಿದರೆ ಹಾರಿಹೋದೀತು. ನೀರೂ ಇದ್ದು ಗಾಳಿಯೂ ಹಿತವಾಗಿರುವುದು ಅಕ್ಟೋಬರ್‌ನಿಂದ ಜನವರಿಯವರೆಗೆ.

ಅಣೆಕಟ್ಟಿನ ಕೆಳಗಿನ ಹೊಳೆಗೆ ಇನ್ನೊಂದು ಲೆಕ್ಕ. ಅಲ್ಲಿ ನೀರಿನ ಮಟ್ಟವನ್ನು ನಿರ್ಧರಿಸುವುದು ಹಂಪಿಯ ಮಳೆಯಲ್ಲ, ಅಣೆಕಟ್ಟಿನ ಗೇಟು. ಹಂಪಿಯಲ್ಲಿ ಒಂದು ಹನಿ ಬೀಳದಿದ್ದರೂ ಹೊಳೆ ಉಕ್ಕಿ ಬರಬಹುದು. ವಿಜಯ ವಿಠ್ಠಲ ದೇವಸ್ಥಾನದ ಬಳಿ ಹೊಳೆಯಂಚಿಗಿರುವ ಪುರಂದರ ಮಂಟಪ ಊರವರಿಗೆ ಅಳತೆಗೋಲು. ಮಂಟಪ ಎಷ್ಟು ಮುಳುಗಿದೆ ಎಂಬುದರ ಮೇಲೆ ಎಷ್ಟು ನೀರು ಬಿಟ್ಟಿದ್ದಾರೆಂದು ಅಂದಾಜು ಕಟ್ಟುತ್ತಾರೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ಕೆಳಗಿನ ದಂಡೆಯ ಊರುಗಳೆಲ್ಲ ಎಚ್ಚರದಿಂದ ಕಾದವು. ತಜ್ಞ ಎಂಜಿನಿಯರ್ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದು ವಾರದೊಳಗೆ ಆ ತೆರಪಿಗೆ ತಾತ್ಕಾಲಿಕ ತಡೆ ಕೂರಿಸಲಾಯಿತು.

ಗಡ್ಡಿಯ ಪಾಠ

ಸಿನಿಮಾದ ಚಿತ್ರಕ್ಕೆ ಅತಿ ಹತ್ತಿರದ ಊಟ ಈ ಸೀಮೆಯಲ್ಲಿ ಒಂದು ಕಾಲಕ್ಕೆ ಸಿಗುತ್ತಿದ್ದುದು ವಿರೂಪಾಪುರ ಗಡ್ಡಿಯಲ್ಲಿ. ಹಂಪಿಯ ವಿರೂಪಾಕ್ಷ ದೇವಸ್ಥಾನದ ಎದುರು ದಡದಲ್ಲಿ, ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿಗೆ ಸೇರಿದ ಈ ಗಡ್ಡಿಗೆ ವಿದೇಶಿ ಪ್ರವಾಸಿಗರು ಇಟ್ಟ ಹೆಸರು ‘ಹಿಪ್ಪಿ ಐಲ್ಯಾಂಡ್’. ಹಸಿರು ಗದ್ದೆ, ಹಿಂದೆ ಬಂಡೆಗುಡ್ಡ, ಮುಂದೆ ಹೊಳೆ. ಹೊಳೆಗೆ ಮುಖ ಮಾಡಿ ಸಾಲು ಹೋಟೆಲುಗಳು. ನೆಲಕ್ಕೆ ಹಾಸಿದ ದಿಂಬುಗಳ ಮೇಲೆ ಒರಗಿ ಉಣ್ಣುವುದು ಅಲ್ಲಿಯ ಪದ್ಧತಿ. ದೇವಸ್ಥಾನದ ಊರಾದ ಹಂಪಿಯಲ್ಲಿ ಸಿಗದ ಮಾಂಸದ ಅಡುಗೆ ದೋಣಿ ದಾಟಿದರೆ ಸಿಗುತ್ತಿತ್ತು.

ನೋಟ ಸೊಗಸಾಗಿತ್ತು, ಜಾಗ ಸರಿಯಿರಲಿಲ್ಲ. 2019ರ ಆಗಸ್ಟ್‌ನಲ್ಲಿ ಅಣೆಕಟ್ಟಿನಿಂದ ಭಾರಿ ನೀರು ಬಿಟ್ಟಾಗ ಗಡ್ಡಿ ನಿಜವಾಗಿಯೂ ದ್ವೀಪವಾಯಿತು. ನೂರಾರು ಪ್ರವಾಸಿಗರು ಸಿಕ್ಕಿಕೊಂಡರು. ಅವರನ್ನು ಕರೆತರಲು ದೋಣಿಗಳ ಜೊತೆಗೆ ಹೆಲಿಕಾಪ್ಟರುಗಳೇ ಬರಬೇಕಾಯಿತು.

ಕಾನೂನಿನ ತಕರಾರು ಅದಕ್ಕಿಂತ ಹಳೆಯದು. ಹಂಪಿ 1986ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1988ರಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಅಧಿಸೂಚನೆಯ ಪ್ರಕಾರ ಗಡ್ಡಿಯೂ ಸಂರಕ್ಷಿತ ಪ್ರದೇಶವೇ. ಅಲ್ಲಿಯ ಕಟ್ಟಡಗಳು ಅಕ್ರಮವೆಂದು ಹೈಕೋರ್ಟ್ 2015ರಲ್ಲಿ ಹೇಳಿದ್ದನ್ನು ಸುಪ್ರೀಂ ಕೋರ್ಟ್ 2020ರ ಫೆಬ್ರವರಿಯಲ್ಲಿ ಎತ್ತಿಹಿಡಿಯಿತು. ಮಾರ್ಚ್ ಮೊದಲ ವಾರದಲ್ಲಿ ಹೋಟೆಲುಗಳು ನೆಲಸಮವಾದವು. ಅದಕ್ಕೂ ಮೊದಲು, 2011ರಲ್ಲಿ, ವಿರೂಪಾಕ್ಷ ದೇವಸ್ಥಾನದ ಮುಂದಿನ ರಥಬೀದಿಯ ಸಾಲುಮಂಟಪಗಳಲ್ಲಿದ್ದ ಅಂಗಡಿ, ಮನೆ, ಖಾನಾವಳಿಗಳು ತೆರವಾಗಿದ್ದವು.

ಇದರಿಂದ ಕಲ್ಲಿನ ಬೀದಿ ಮತ್ತೆ ಕಣ್ಣಿಗೆ ಬಿತ್ತು, ದಂಡೆ ತೆರವಾಯಿತು ಎಂಬುದು ನಿಜ. ದೋಸೆ ಹುಯ್ದು, ಚಹಾ ಕಾಸಿ ಮಕ್ಕಳನ್ನು ಓದಿಸುತ್ತಿದ್ದ ಸಂಸಾರಗಳು ಬೀದಿಗೆ ಬಂದವು ಎಂಬುದೂ ಅಷ್ಟೇ ನಿಜ. ಸ್ಮಾರಕ ಉಳಿಯಬೇಕು, ಅನ್ನದ ದಾರಿಯೂ ಉಳಿಯಬೇಕು. ಎರಡಕ್ಕೂ ಹೊಂದುವ ಜಾಗವನ್ನು ಮೊದಲೇ ಗೊತ್ತುಮಾಡಿ ಕೊಟ್ಟಿದ್ದರೆ ಈ ನೋವು ಕಡಿಮೆಯಾಗುತ್ತಿತ್ತು. ಊಟಕ್ಕೆ ಹೋಗುವವರ ಕೈಯಲ್ಲೂ ಇದರ ಒಂದು ಪಾಲಿದೆ. ನೀರಿಗೆ ಅಂಟಿಕೊಂಡ ಮೇಜೇ ಬೇಕೆಂದು ಗಿರಾಕಿ ಹಟ ಹಿಡಿದರೆ, ನೀರಿಗೆ ಅಂಟಿಕೊಂಡೇ ಹೋಟೆಲು ಏಳುತ್ತದೆ.

ದಂಡೆಗೆ ಮತ್ತೊಬ್ಬ ಹಕ್ಕುದಾರನೂ ಇದ್ದಾನೆ. ಅಣೆಕಟ್ಟಿನ ಕೆಳಗಿನ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಪ್ರದೇಶವೆಂದು ಘೋಷಿಸಲಾಯಿತು. ಹೊಳೆಯಲ್ಲಿ ಮೀನು ಹಿಡಿದು, ದಡದ ಬಂಡೆಗಳ ಸಂದಿಯಲ್ಲಿ ಮರಿ ಮಾಡುವ ಪ್ರಾಣಿಯದು. ದಂಡೆಯ ಮೇಲೆ ರಾತ್ರಿಯೆಲ್ಲ ದೀಪ, ಪಾಟುಗಾಣದ ಹಾಡು, ಹೊಳೆಗೆ ಎಸೆದ ಪ್ಲಾಸ್ಟಿಕ್ಕು ಇದ್ದಲ್ಲಿ ಅದು ನಿಲ್ಲುವುದಿಲ್ಲ.

ಕಲ್ಲಿನ ತಟ್ಟೆಗಳು

ನೀರಿನ ಬದಿಯ ಊಟ ಈ ನೆಲಕ್ಕೆ ಹೊಸದೇನಲ್ಲ. ಹಂಪಿ-ಕಮಲಾಪುರ ರಸ್ತೆಯ ಬದಿಗೆ ‘ಭೋಜನಶಾಲೆ’ ಎಂದು ಜನ ಕರೆಯುವ ಜಾಗವಿದೆ. ನಡುವೆ ಕಲ್ಲಿನ ಕಾಲುವೆ, ಅದರ ಎರಡೂ ಬದಿಗೆ ಸಾಲಾಗಿ ಕಲ್ಲಿನಲ್ಲೇ ಕೊರೆದ ತಟ್ಟೆಗಳು. ಅನ್ನಕ್ಕೆ ದೊಡ್ಡ ಗುಳಿ, ಪಲ್ಯ-ಸಾರುಗಳಿಗೆ ಚಿಕ್ಕ ಗುಳಿಗಳು. ಹಂಪಿಗೆ ಬರುವ ಶಾಲಾ ಮಕ್ಕಳು ಇದನ್ನು ಬಿಡದೆ ನೋಡಬೇಕು. ಗಮನಿಸಬೇಕಾದುದೇನೆಂದರೆ, ಇಲ್ಲಿ ಊಟದ ಪಂಕ್ತಿ ಹೊಳೆಯ ದಂಡೆಗೆ ಹೋಗಲಿಲ್ಲ. ಕಾಲುವೆಯ ನೀರೇ ಪಂಕ್ತಿಯ ಬಳಿಗೆ ಬಂತು. ಆ ಕಾಲದ ತುರ್ತು ಕಾಲುವೆ ಇಂದಿಗೂ ಗದ್ದೆ, ಬಾಳೆ ತೋಟಗಳಿಗೆ ನೀರುಣಿಸುತ್ತಿದೆ.

ಸಂಡೂರು, ಕಂಪ್ಲಿ

ಜನಜಂಗುಳಿ ಬೇಡವೆನ್ನುವವರು ಸಂಡೂರಿನತ್ತ ಹೋಗಬಹುದು. ಸುತ್ತ ಬೆಟ್ಟಗಳ ಕೋಟೆ, ನಡುವೆ ಊರು; ಹತ್ತಿರದಲ್ಲೇ ನಾರಿಹಳ್ಳ ಜಲಾಶಯ. ಮಳೆ ಬಿದ್ದ ಮೇಲೆ ಇಡೀ ಕಣಿವೆ ಹಸಿರಾಗುತ್ತದೆ. ಆದರೆ ಬೆಟ್ಟ ಅಡ್ಡವಿರುವುದರಿಂದ ಇಲ್ಲಿ ಸೂರ್ಯ ಪಂಚಾಂಗದ ಹೊತ್ತಿಗಿಂತ ಮೊದಲೇ ಮರೆಯಾಗುತ್ತಾನೆ. ಅದಿರು ಲಾರಿಗಳು ಓಡಾಡುವ ರಸ್ತೆಯಾದ್ದರಿಂದ ರಾತ್ರಿ ಪ್ರಯಾಣವೂ ಹಿತವಲ್ಲ. ಬುತ್ತಿ ಕಟ್ಟಿಕೊಂಡು ಹೋಗಿ, ಕುಮಾರಸ್ವಾಮಿ ಬೆಟ್ಟ ನೋಡಿ, ಮಧ್ಯಾಹ್ನ ನೀರಿನ ಎದುರು ನೆರಳಿನಲ್ಲಿ ಬುತ್ತಿ ಬಿಚ್ಚುವುದು ಇಲ್ಲಿಗೆ ತಕ್ಕ ಕ್ರಮ.

ಕಂಪ್ಲಿ ಇದಕ್ಕೆ ತದ್ವಿರುದ್ಧ: ಬಯಲು, ಭತ್ತದ ಗದ್ದೆ, ಕಬ್ಬು, ಹೊಳೆಯ ಪಕ್ಕದ ಕೋಟೆ. ಕಂಪಿಲರಾಯ, ಕುಮಾರರಾಮರ ಕಥೆಯ ಊರಿದು. ತಗ್ಗಿನಲ್ಲಿರುವ ಸೇತುವೆ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಮುಳುಗಿ, ಗಂಗಾವತಿ ಕಡೆಯ ದಾರಿ ಕಡಿದುಹೋಗುತ್ತದೆ. ನೀರು ಇಳಿದ ಮೇಲೆ, ಬೆಟ್ಟದ ಅಡ್ಡಿಯಿಲ್ಲದ ಪೂರ್ವ ದಿಕ್ಕಿನಲ್ಲಿ ಹುಣ್ಣಿಮೆಯ ಚಂದ್ರ ಏಳುವುದನ್ನು ನೋಡಲು ಕಂಪ್ಲಿ ಒಳ್ಳೆಯ ಜಾಗ.

ಹಾಗಾದರೆ ಎಲ್ಲಿ?

ಇಷ್ಟೂ ಲೆಕ್ಕ ಹಾಕಿದರೆ ಒಂದು ದಾರಿ ತಾನಾಗಿ ಕಾಣುತ್ತದೆ. ನೋಟಕ್ಕೆ ಒಂದು ಜಾಗ, ಊಟಕ್ಕೆ ಇನ್ನೊಂದು ಜಾಗ. ಎರಡನ್ನೂ ಒಂದೇ ಮೇಜಿಗೆ ಕಟ್ಟಿಹಾಕಬೇಕಾಗಿಲ್ಲ. ನವೆಂಬರಿನ ಒಂದು ಸಂಜೆ ಐದಕ್ಕೆ ಅಣೆಕಟ್ಟಿನ ಬಳಿ ಸೇರಿ, ಮಂಡಕ್ಕಿ ಒಗ್ಗರಣೆ, ಬಿಸಿ ಮಿರ್ಚಿ, ಚಹಾದೊಂದಿಗೆ ಸೂರ್ಯನನ್ನು ಬೀಳ್ಕೊಡಬಹುದು. ಆರೂವರೆಗೆ ಹೊಸಪೇಟೆಗೆ ಮರಳಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಊಟಕ್ಕೆ ಕೂರಬಹುದು. ಹಂಪಿಯ ಕಡೆಯವರು ಹೇಮಕೂಟದಿಂದ ಸೂರ್ಯಾಸ್ತ ನೋಡಿ, ಕಮಲಾಪುರದಲ್ಲಿ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಭುವನೇಶ್ವರಿಯಂಥ ಕಡೆ ಊಟ ಮಾಡಬಹುದು.

ನೀರಿನ ಅಂಚಿಗೇ ಇರುವ ಹೋಟೆಲನ್ನು ಆರಿಸಲೇಬೇಕೆಂದಾದರೆ, ಹಣ ಕಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳಬೇಕು. ಈ ಕಟ್ಟಡಕ್ಕೆ ಪರವಾನಗಿ ಇದೆಯೇ? ಗೇಟು ತೆರೆದರೆ ನೀರು ಎಲ್ಲಿಯವರೆಗೆ ಬರುತ್ತದೆ? ಕತ್ತಲಾದ ಮೇಲೆ ವಾಪಸಾಗಲು ರಸ್ತೆ ಇದೆಯೇ, ಇಲ್ಲವೇ ದೋಣಿಯೊಂದೇ ಗತಿಯೇ? ಎಂಜಲೆಲೆ, ಕೊಳಚೆ ನೀರು ಎಲ್ಲಿಗೆ ಹೋಗುತ್ತವೆ? ಉತ್ತರ ತಡವರಿಸಿದರೆ ಬೇರೆ ಜಾಗ ನೋಡುವುದೇ ಲೇಸು.

ಊಟವಾದ ಮೇಲೆ ನಿರ್ಜನ ದಂಡೆಗೆ ತಿರುಗಾಡಲು ಹೋಗುವ ಅಭ್ಯಾಸವನ್ನೂ ಬಿಡಬೇಕು. 2025ರ ಮಾರ್ಚ್‌ನಲ್ಲಿ ಸಣಾಪುರದ ಬಳಿ ರಾತ್ರಿ ಕಾಲುವೆಯ ದಂಡೆಯಲ್ಲಿ ಕುಳಿತಿದ್ದ ಪ್ರವಾಸಿಗರ ಮೇಲೆ ಹಲ್ಲೆ ನಡೆದು, ಒಬ್ಬ ಯುವಕ ಕಾಲುವೆಯ ಪಾಲಾದ. ಹಗಲಿನ ಹೊಳೆ ಎಷ್ಟೇ ಸೌಮ್ಯವಾಗಿ ಕಂಡರೂ, ಬಂಡೆಗಳ ನಡುವಿನ ಸೆಳವು ಈಜು ಬಲ್ಲವರನ್ನೂ ಬಿಡುವುದಿಲ್ಲ.

ಮನೆಯ ಹಿರಿಯರಿಗಾಗಿ ಇಂಥ ಸಂಜೆಯೊಂದನ್ನು ಏರ್ಪಡಿಸುವ ಕೆಲಸವನ್ನು ಹೈಸ್ಕೂಲಿನ ಮಕ್ಕಳಿಗೇ ವಹಿಸಿ ನೋಡಬಹುದು. ಪಂಚಾಂಗದಲ್ಲಿ ಸೂರ್ಯಾಸ್ತದ ಹೊತ್ತು, ಪತ್ರಿಕೆಯಲ್ಲಿ ಜಲಾಶಯದ ಮಟ್ಟ, ನಕಾಶೆಯಲ್ಲಿ ದಿಕ್ಕು, ಬಸ್ಸಿನ ವೇಳೆ, ಊಟದ ಖರ್ಚು: ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ತಂದರೆ ಸಾಕು. ಜಾಗವನ್ನು ಆ ಹಾಳೆಯೇ ಹೇಳುತ್ತದೆ.