ಸಿಲ್ಕಿ ಹ್ಯಾಟೆಯ ಮೂರು ಮರಿಗಳು

ಶಿವರಾತ್ರಿಗೆ ಊರಿಗೆ ಹೋದಾಗ ಅಮ್ಮ ಒಂದು ಹ್ಯಾಟೆಯ ಮೇಲೆ ಸಿಟ್ಟಾಗಿದ್ದಳು.

ಅಮ್ಮ ಹಿತ್ತಲಲ್ಲಿ ಸಿಲ್ಕಿ ಕೋಳಿ ಸಾಕುತ್ತಾಳೆ. ಚೀನಾ ಕಡೆಯ ತಳಿ. ಗಟ್ಟಿ ಪುಕ್ಕದ ಬದಲು ಮೈತುಂಬ ಹಿಂಜಿದ ಹತ್ತಿ ಅಂಟಿಸಿದ ಹಾಗಿರುತ್ತದೆ. ಕಾಲಿಗೆ ಐದೈದು ಬೆರಳು. ಬಿಳಿ ಪುಕ್ಕ ಸರಿಸಿ ನೋಡಿದರೆ ಚರ್ಮ ಮಾತ್ರ ಕಪ್ಪು. ಶೋಕಿಗೆ ಸಾಕುವವರು ಅಮ್ಮನಿಂದ ಮರಿ ಕೊಳ್ಳುತ್ತಾರೆ, ಅಚ್ಚ ಬಿಳಿಯಾಗಿದ್ದರೆ ಮಾತ್ರ. ಮನೆಯಲ್ಲಿರುವ ಹ್ಯಾಟೆಯೂ ಬಿಳಿ, ಹುಂಜವೂ ಬಿಳಿ. ಆದರೂ ಇಪ್ಪತ್ತೊಂದು ದಿನ ಕಾವು ಕೂತು ಹ್ಯಾಟೆ ಮಾಡಿದ ಎಂಟು ಮರಿಗಳಲ್ಲಿ ಐದು ತಿಳಿಹಳದಿ, ಮೂರು ಕಪ್ಪು.

"ಇವಳೇ ಬೇಲಿ ನುಸಿದು ಪಕ್ಕದ ಮನೆ ನಾಟಿ ಹುಂಜದ ಹತ್ರ ಹೋಗಿದ್ದಾಳೆ. ಹೊಸತೊಡಕಿಗೆ ಸಾರು ಮಾಡ್ತೀನಿ ನೋಡು," ಅಂದಳು ಅಮ್ಮ.

ನಾನು ತಳಿಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ನನ್ನದು ಭತ್ತ, ಕೋಳಿಯಲ್ಲ. ಆದರೆ ಮೆಂಡೆಲ್‌ನ ನಿಯಮ ಬಟಾಣಿಗಷ್ಟೇ ಅಲ್ಲ, ಪ್ರಾಣಿಗಳಿಗೂ ನಡೆಯುತ್ತದೆ ಎಂದು ಬೇಟ್‌ಸನ್ 1902ರಲ್ಲಿ ತೋರಿಸಿದ್ದು ಕೋಳಿಗಳಿಂದಲೇ. ಅಷ್ಟು ಓದಿದ ಧೈರ್ಯದ ಮೇಲೆ ಹುಂಜವನ್ನು ಹಿಡಿದು ರೆಕ್ಕೆ ಎತ್ತಿ ನೋಡಿದೆ. ಬುಡದಲ್ಲಿ ಎರಡು ಕಪ್ಪು ಚುಕ್ಕೆ.

"ಸಂತೆಯಿಂದ ತಂದಾಗಲೂ ಇತ್ತು. ಕಿತ್ತು ಹಾಕಿದ್ದೆ, ಮತ್ತೆ ಬಂದಿದೆ," ಅಂದಳು.

ಕೋಳಿಯಲ್ಲಿ ಬಿಳಿ ಅನ್ನುವುದು ಒಂದೇ ಅಲ್ಲ. ಸಿಲ್ಕಿಯ ಮಾಮೂಲಿ ಬಿಳುಪು ಅಪ್ರಬಲ ಗುಣ. ಬಣ್ಣ ತಯಾರಿಸಲು ಬೇಕಾದ ಟೈರೊಸಿನೇಸ್ ಎಂಬ ಕಿಣ್ವದ ಜೀನಿನೊಳಗೆ ಯಾವುದೋ ಕಾಲದ ವೈರಸ್ಸಿನ ತುಣುಕೊಂದು ಸೇರಿಕೊಂಡು ಪುಕ್ಕದ ಬಣ್ಣ ಕೆಡಿಸಿದೆ. ತಂದೆ ತಾಯಿ ಇಬ್ಬರಿಂದಲೂ ಆ ಕೆಟ್ಟ ಜೀನೇ ಬಂದರೆ ಮಾತ್ರ ಮರಿ ಬಿಳಿ. ಫಾರಂ ಮೊಟ್ಟೆ ಇಡುವ ಲೆಗ್‌ಹಾರ್ನ್ ಕೋಳಿಯ ಬಿಳುಪು ಬೇರೆ ಜೀನಿನದು, ಪ್ರಬಲವಾದದ್ದು. ಅದು ಒಬ್ಬರಿಂದ ಬಂದರೂ ಸಾಕು, ಒಳಗಿರುವ ಕಪ್ಪನ್ನು ಮುಚ್ಚಿಬಿಡುತ್ತದೆ. ಆದರೆ ಒಂದೇ ಪಾಲು ಇರುವ ಕೋಳಿಯಲ್ಲಿ ಅಲ್ಲಲ್ಲಿ ಕಪ್ಪು ಚುಕ್ಕೆ ಇಣುಕುವುದುಂಟು. ನಮ್ಮ ಹುಂಜದ ವಂಶದಲ್ಲಿ ಹಿಂದೆ ಯಾರೋ ಲೆಗ್‌ಹಾರ್ನ್ ಬೆರೆಸಿರಬೇಕು. ಹಾಗಿದ್ದರೆ ಅದರ ಮರಿಗಳಲ್ಲಿ ಸುಮಾರು ಅರ್ಧಕ್ಕೆ ಆ ಮುಚ್ಚಳ ಸಿಗುವುದಿಲ್ಲ, ಒಳಗಿನ ಬಣ್ಣ ಹೊರಗೆ ಬರುತ್ತದೆ.

ಇದೆಲ್ಲ ನನ್ನ ಊಹೆ. ಹ್ಯಾಟೆ ನಿರಪರಾಧಿ ಅನ್ನಲು ಸಾಕ್ಷಿ ಬೇಕಿತ್ತು. ಒಮ್ಮೆ ಹುಂಜ ಕೂಡಿದರೆ ಹ್ಯಾಟೆಯ ಮೈಯಲ್ಲಿ ವೀರ್ಯ ಎರಡು ಮೂರು ವಾರ ಉಳಿಯಬಲ್ಲದು. ಯಾವ ಮೊಟ್ಟೆ ಯಾರದೆಂದು ಹೇಳುವುದು ಸುಲಭವಲ್ಲ. ಆದರೆ ಸಿಲ್ಕಿಯ ಹತ್ತಿಪುಕ್ಕವೂ ಅಪ್ರಬಲ ಗುಣವೇ. ತಂದೆ ನಾಟಿ ಹುಂಜವಾದರೆ ಮರಿಗೆ ಮಾಮೂಲಿ ಗಟ್ಟಿ ಪುಕ್ಕ ಬರುತ್ತದೆ. "ಒಂದು ತಿಂಗಳು ತಡಿ, ಪುಕ್ಕವೇ ಹೇಳುತ್ತೆ," ಎಂದೆ. ಯುಗಾದಿಗೆ ಸರಿಯಾಗಿ ತಿಂಗಳಿತ್ತು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಬೆಳ್ಳಗೆ, ನಾನು ಕಪ್ಪು. "ಯಾರ ಬಣ್ಣ ಬಂತೋ ಇದಕ್ಕೆ," ಎಂದು ಅಜ್ಜಿ, ಅಪ್ಪನ ತಾಯಿ, ನೆಂಟರ ಎದುರು ನಗುತ್ತಲೇ ಕೇಳುತ್ತಿದ್ದರು. ಆ ನಗು ನನ್ನ ಮೇಲಲ್ಲ, ಅಮ್ಮನ ಮೇಲೆ ಎಂದು ತಿಳಿಯುವ ಹೊತ್ತಿಗೆ ನಾನು ಹೈಸ್ಕೂಲಿನಲ್ಲಿದ್ದೆ. ಪ್ರತಿ ಭಾನುವಾರ ಅಮ್ಮ ಕಡಲೆಹಿಟ್ಟು ಹಾಕಿ ನನ್ನ ತೋಳು ಉರಿಯುವ ಹಾಗೆ ಉಜ್ಜುತ್ತಿದ್ದಳು. ಉಜ್ಜಿದ್ದು ಯಾಕೆಂದು ಈಗ ಗೊತ್ತು. ಮನುಷ್ಯರ ಮೈಬಣ್ಣಕ್ಕೆ ಕೋಳಿಯ ಲೆಕ್ಕ ಹಾಕಬಾರದು. ಅಲ್ಲಿ ಹತ್ತಾರು ಜೀನುಗಳು ಸೇರಿ ಕೆಲಸ ಮಾಡುತ್ತವೆ, ಬೆಳ್ಳಗಿನ ತಂದೆ ತಾಯಿಗೆ ಅವರಿಗಿಂತ ಕಪ್ಪಾದ ಮಗು ಹುಟ್ಟುವುದು ವಿಚಿತ್ರವೇನಲ್ಲ. ಅಜ್ಜಿಯ ಸ್ವಂತ ತಂಗಿಯೇ ನನಗಿಂತ ಕಪ್ಪಗಿದ್ದರು. ಅದು ಯಾರಿಗೂ ನೆನಪಾಗಲಿಲ್ಲ. ಕೇಳುವುದಾದರೆ ಹೆಂಗಸನ್ನೇ ಕೇಳಬೇಕು ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಈಗ ಅದೇ ಪ್ರಶ್ನೆಯನ್ನು ಅಮ್ಮ ಹ್ಯಾಟೆಗೆ ಕೇಳಿದ್ದಳು. ಇದನ್ನು ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಯುಗಾದಿಗೆ ಮೂರು ದಿನ ಇರುವಾಗ ಹಾಸ್ಟೆಲಿಗೆ ವಿಡಿಯೋ ಕಾಲ್ ಬಂತು. ಮೂರು ಕಪ್ಪು ಮರಿಗಳೂ ಮಸಿ ಮೆತ್ತಿದ ಹತ್ತಿಯುಂಡೆಗಳ ಹಾಗೆ ಓಡಾಡುತ್ತಿದ್ದವು. ಒಂದಕ್ಕೂ ಗಟ್ಟಿ ಪುಕ್ಕ ಬಂದಿರಲಿಲ್ಲ.

"ಹಂಗಾದ್ರೆ ನಮ್ಮ ಹುಂಜದ್ದೇನಾ?"

"ನಮ್ಮ ಹುಂಜದ್ದೇ ಕಣಮ್ಮ."

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಿಮ್ಮಜ್ಜಿ ಇದ್ದಿದ್ರೆ ತೋರಿಸಬಹುದಿತ್ತು," ಅಂದಳು.

ಹೊಸತೊಡಕಿಗೆ ಅಂಗಡಿಯಿಂದ ಮಟನ್ ತಂದರು. ಹ್ಯಾಟೆ ಮತ್ತೆ ಕಾವಿಗೆ ಕೂತಿದೆ. ಮೊನ್ನೆ ಯಾರೋ ಬಿಳಿ ಹುಂಜವನ್ನು ಕೇಳಿಕೊಂಡು ಬಂದಿದ್ದರಂತೆ. ಅಮ್ಮ ಈ ಸಲ ಚುಕ್ಕೆ ಕೀಳಲಿಲ್ಲ. ರೆಕ್ಕೆ ಎತ್ತಿ ತೋರಿಸಿ, ಕಪ್ಪು ಮರಿ ಆದರೆ ಹ್ಯಾಟೆಯನ್ನು ಬೈಯಬೇಡಿ ಎಂದು ಹೇಳಿಯೇ ಬೆಲೆ ಮಾತಾಡಿದಳಂತೆ.